ಅಮ್ಮನವರ ಮೂಗು ಉಳಿಸಿದ ಮೇಷ್ಟ್ರು

ಪಕ್ಕದ ಮನೆಯ ಶಿವಲಿಂಗಯ್ಯ ಮೇಷ್ಟ್ರು ನಮ್ಮ ಅಡುಗೆಮನೆಗೆ ಬಂದರೆ ಮೊದಲು ಪಾತ್ರೆಯ ಮುಚ್ಚಳ ಎತ್ತುತ್ತಿದ್ದರು. ತಿನ್ನುವುದಕ್ಕಲ್ಲ, ಒಳಗೆ ಏನು ಏನಾಗುತ್ತಿದೆ ಎಂದು ನೋಡುವುದಕ್ಕೆ. ಸಾತನೂರಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ, ನಿವೃತ್ತರಾಗಿ ಚನ್ನಪಟ್ಟಣಕ್ಕೆ ಬಂದವರು. ಶಾಲೆ ಬಿಟ್ಟಿದ್ದರೇ ಹೊರತು ಪಾಠ ಬಿಟ್ಟಿರಲಿಲ್ಲ. ಕೈಗೆ ಸಿಕ್ಕಿದವಳು ನಾನು.

ಒಂದು ಸೋಮವಾರ ನೈವೇದ್ಯಕ್ಕೆ ಇಟ್ಟ ಹಾಲು ಒಡೆದುಹೋಯಿತು. ನಾನು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರೆ ಇವರಿಗೆ ಸಂಭ್ರಮ.

“ನೋಡ್ದಾ ಭಾಗ್ಯಮ್ಮ? ತುಪ್ಪ ಚಳೀಗೆ ಗಟ್ಟಿಯಾದ್ರೂ ಬಿಸಿ ಮಾಡಿದ್ರೆ ಕರಗ್ತದೆ. ತುಪ್ಪ ತುಪ್ಪವೇ. ಅದು ಭೌತ ಬದಲಾವಣೆ. ಈ ಹಾಲು ಇನ್ನು ಹಾಲಾಗಕಿಲ್ಲ. ರಾಸಾಯನಿಕ!”

“ಮೇಷ್ಟ್ರೇ, ಈಗ ಪಾಯಸ ಯಾವುದ್ರಲ್ಲಿ ಮಾಡ್ಲಿ, ಅದು ಹೇಳಿ.”

ಪುಣ್ಯಕ್ಕೆ ಫ್ರಿಜ್ಜಿನಲ್ಲಿ ಇನ್ನೊಂದು ಪ್ಯಾಕೆಟ್ ಇತ್ತು. ದೇವರು ನನ್ನನ್ನು ಹಾಗೆ ಆಗಾಗ ಕಾಪಾಡುತ್ತಾನೆ.

ಆದರೆ ವರಮಹಾಲಕ್ಷ್ಮಿಯ ಹಿಂದಿನ ದಿನ ಆದದ್ದೇ ಬೇರೆ. ಕಲಶಕ್ಕೆ ಕಟ್ಟುವ ಬೆಳ್ಳಿಯ ಮುಖ ನನ್ನ ತಾಯಿ ಕೊಟ್ಟಿದ್ದು. ವರ್ಷವಿಡೀ ಡಬ್ಬಿಯಲ್ಲಿದ್ದು ಕಪ್ಪಾಗುತ್ತದೆ. ಹುಣಸೆಹಣ್ಣು, ವಿಭೂತಿ ಹಾಕಿ ಗಸಗಸ ತಿಕ್ಕುತ್ತಿದ್ದೆ. ಮೇಷ್ಟ್ರು ಬಂದು ನನ್ನ ಕೈ ತಡೆದರು.

“ಅಯ್ಯೋ, ಅಮ್ಮನೋರ ಮೂಗೇ ಸವೆದೋಗೈತಲ್ಲವ್ವ! ಅದು ಕೊಳೆ ಅಲ್ಲ ಕಣವ್ವ, ಬೆಳ್ಳಿನೇ ಕಪ್ಪಾಗಿರೋದು. ನೀನು ತಿಕ್ಕಿ ತೆಗೀತಿರೋದು ಅಮ್ಮನೋರನ್ನೇ.”

ಬೆಳಕಿಗೆ ಹಿಡಿದರೆ ನಿಜವೇ, ಮೂಗಿನ ತುದಿ ಚಪ್ಪಟೆ. ಇನ್ನು ನಾಲ್ಕಾರು ಹಬ್ಬ ಕಳೆದರೆ ಮೂಗಿನ ಜಾಗದಲ್ಲಿ ತೂತೇ.

“ಕಪ್ಪನ್ನ ಮತ್ತೆ ಬೆಳ್ಳಿ ಮಾಡ್ಬೋದು. ಒಂದು ಮಡಿ ಪಾತ್ರೆ ಕೊಡು” ಎಂದು, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ತಂದರು. ನಾನು ಎಂಜಲು ಅಂದೇನೆಂದು ಹೊಸ ಸುರುಳಿಯನ್ನೇ ಒಡೆದಿದ್ದರು. ಹಾಳೆ ಹಾಸಿ, ಅಡುಗೆ ಸೋಡ ಹಾಕಿ, ಕುದಿನೀರು ಸುರಿದು ಅಮ್ಮನವರನ್ನು ಮಲಗಿಸಿದರು. ಗಬ್ಬೆಂದು ಕೊಳೆತ ಮೊಟ್ಟೆಯ ವಾಸನೆ! ಮೊಟ್ಟೆ ಹೊಸಿಲು ದಾಟದ ನಮ್ಮ ಮನೆಯಲ್ಲಿ, ಹಬ್ಬದ ಹಿಂದಿನ ದಿನ!

“ಏನ್ ಮೇಷ್ಟ್ರೇ ಇದು ಕರ್ಮ?”

“ಬೆಳ್ಳಿ ಕಪ್ಪು ಮಾಡಿದ್ದ ಗಂಧಕ ಬುಟ್ಟೋಯ್ತಾ ಐತೆ. ಒಸಿ ತಡ್ಕೊ.”

ಮುಖ ಹೊರಬಂತು. ಕೆನ್ನೆ ಬೆಳ್ಳಗೆ, ಹಣೆ ಬೆಳ್ಳಗೆ. ಕಣ್ಣೂ ಬೆಳ್ಳಗೆ! ಅಕ್ಕಸಾಲಿಗ ಬೆಳ್ಳಿಯನ್ನೇ ಕಪ್ಪಾಗಿಸಿ ತೀಡಿದ್ದ ಕಣ್ಣುಗುಡ್ಡೆ, ಹುಬ್ಬು ಎಲ್ಲ ಹೋಗಿದ್ದವು. ಮೇಷ್ಟ್ರು ಅದನ್ನು ಎಣಿಸಿರಲಿಲ್ಲ.

“ಮೂಗು ಉಳಿಸ್ತೀನಿ ಅಂತ ಕಣ್ಣು ಕಿತ್ರಲ್ಲ! ನಾಳೆ ಮುತ್ತೈದೆಯರಿಗೆ ಏನಂತ ತೋರಿಸ್ಲಿ?” ಎಂದು ಕಿರುಚಿದೆ. ಅವರು ಎದ್ದು ಹೋದರು. ಮೇಷ್ಟ್ರು ಪಾಠ ಹೇಳದೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸ್ವಲ್ಪ ಹೊತ್ತಿಗೆ ಹೆಂಡತಿಯ ಕಾಡಿಗೆ ಡಬ್ಬಿ ಹಿಡಿದು ಬಂದು, ಕನ್ನಡಕ ಏರಿಸಿ, ಊದುಬತ್ತಿಯ ಕಡ್ಡಿಯಲ್ಲಿ ಕಣ್ಣು ಬರೆದರು.

“ಇದು ಬರೀ ಮೇಲಿಂದು. ಒರೆಸಿದ್ರೆ ಹೋಯ್ತದೆ. ಹೆದರ್ಬ್ಯಾಡ.”

ಮರುದಿನ ಬಂದವರೆಲ್ಲ “ಅಮ್ಮನೋರು ಈ ಸಲ ನಮ್ಮನ್ನೇ ನೋಡ್ತಾವ್ರೆ” ಅಂದರು. ನಾನು ಕೈ ಮುಗಿದು ಕುಂಕುಮ ಕೊಟ್ಟೆ. ಅಲ್ಲಿಂದ ಪ್ರತಿ ಹಬ್ಬಕ್ಕೂ ಅದೇ ಗಬ್ಬು, ಅದೇ ಬೈಗುಳ, ಅದೇ ಕಾಡಿಗೆ.

ಹೋದ ವರ್ಷ ಕಣ್ಣು ಬರೆದುಕೊಟ್ಟ ಎರಡೇ ದಿನಕ್ಕೆ ಅವರು ರಾಮನಗರದ ಆಸ್ಪತ್ರೆ ಸೇರಿದರು. ಪ್ರಸಾದ ಹಿಡಿದು ಹೋದೆ. ಉಸಿರು ಎಳೆಯುತ್ತಲೇ, “ಮೂಗು ಹೆಂಗೈತವ್ವ?” ಅಂದರು.

“ಮೂಗಿಗೆ ನಳಿಕೆ ಹಾಕವ್ರೆ ಮೇಷ್ಟ್ರೇ, ಮುಟ್ಬೇಡಿ.”

“ನಂದಲ್ಲ ಕಣವ್ವ. ಅಮ್ಮನೋರ್ದು.”

“ಹಂಗೇ ಐತೆ. ಒಂಚೂರೂ ಸವೆದಿಲ್ಲ” ಅಂದೆ. ಕಣ್ಣು ಮುಚ್ಚಿ ತಲೆಯಾಡಿಸಿದರು. ಆ ವಾರವೇ ಹೋದರು.

ಈ ಸಲ ಕಣ್ಣು ನಾನೇ ಬರೆದೆ. ಒಂದು ದೊಡ್ಡದಾಯಿತು, ಇನ್ನೊಂದು ಮೆಳ್ಳೆ. ಬೈಯೋಣವೆಂದರೆ ಮೇಷ್ಟ್ರು ಇರಲಿಲ್ಲ. ಒರೆಸಿ ಮತ್ತೆ ಬರೆದೆ.