ಕೆಂಪರಾಜುವಿನ ಹತ್ತು ಚಕ್ರದ ಲಾರಿ

ಅರಿಶಿನಕುಂಟೆಯ ಕೆಂಪರಾಜು ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ ಕೂತು ಲಾರಿ ತೂಗುವವನು. ದಿನವಿಡೀ ಲಾರಿ ನೋಡಿದ್ದು ಸಾಲದೆಂದು ಮನೆಗೆ ಬಂದು ಲಾರಿಗಳನ್ನೇ ಮಾಡುತ್ತಿದ್ದ. ಇಂಥವನಿಗೆ ಯಾರು ತಾನೇ ಏನು ಹೇಳಿಯಾರು? ಓರಗೆಯವರಿಗೆ ಇಸ್ಪೀಟು, ಕ್ರಿಕೆಟ್ಟು. ಇವನಿಗೆ ಮೊಳದುದ್ದದ ಲಾರಿ. ಅಂಗಡಿ ಬೋರ್ಡು ಮಾಡುವವರು ಬಿಸಾಡಿದ ಬಿಳಿ ಫೋಮ್ ಶೀಟಿನ ತುಂಡುಗಳನ್ನು ನೆಲಮಂಗಲದಿಂದ ಹೊತ್ತು ತರುವುದು, ಕಟ್ಟರಿನಲ್ಲಿ ಕೊಯ್ಯುವುದು, ಅಂಟಿಸುವುದು, ಉಜ್ಜುವುದು, ಬಣ್ಣ ಬಳಿಯುವುದು. ಸುಮ್ಮನೆ ಲಾರಿಯಂತೆ ಕಂಡರೆ ಅವನಿಗೆ ಸಮಾಧಾನವಿಲ್ಲ. ಬಾಗಿಲು ಎಳೆದರೆ ತೆರೆಯಬೇಕು, ಸ್ಟೇರಿಂಗು ತಿರುಗಿಸಿದರೆ ಮುಂದಿನ ಚಕ್ರ ತಿರುಗಬೇಕು. ತೂಕಕ್ಕೆ ಬಂದ ಲಾರಿ ಯಾವುದಾದರೂ ಮನಸ್ಸಿಗೆ ಹಿಡಿಸಿತೋ, ಡ್ರೈವರಿಗೆ ಟೀ ಕುಡಿಸಿ ನಿಲ್ಲಿಸಿಕೊಂಡು, ತಾನು ಅದರ ಕೆಳಗೆ ನುಗ್ಗಿ ಫೋಟೋ ಹೊಡೆದುಕೊಂಡು ಬರುತ್ತಿದ್ದ.

ಮನೆಯಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಹೆಸರು, ಆಟದ ಸಾಮಾನು. ಹೆಣ್ಣು ನೋಡಲು ಹೋದ ಕಡೆಯೂ ಆ ಸುದ್ದಿ ಇವನಿಗಿಂತ ಮುಂಚೆಯೇ ಹೋಗಿ ಕೂತಿರುತ್ತಿತ್ತು. ನಲವತ್ತು ದಾಟಿದರೂ ಮದುವೆಯಾಗದ್ದಕ್ಕೆ ಅದೇ ಕಾರಣವೆಂದು ತಾಯಿ ಅಮ್ಮಯಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹಾಗೆ ಹೇಳದವಳು ಒಬ್ಬಳೇ, ತಂಗಿ ವಾಣಿಶ್ರೀ.

ವಾಣಿಶ್ರೀಯನ್ನು ತೂಬಗೆರೆಗೆ ಕೊಟ್ಟಿದ್ದರು. ಗಂಡ ದೇವರಾಜ್ ಕೆಟ್ಟವನಲ್ಲ. ಅಪ್ಪ ಅಪ್ಪಯ್ಯಣ್ಣನ ಎದುರಿಗೆ ಬಾಯಿಯಿಲ್ಲದವನು, ಅಷ್ಟೆ. ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆಂದು ತವರಿಗೆ ಬಂದವಳು ತಿರುಗಿ ಹೋಗಲೇ ಇಲ್ಲ. ಏನಾಯಿತೆಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ತಾಯಿಗೆ ಏನು ಹೇಳಿಕೊಂಡಳೋ, ಅಣ್ಣನಿಗಂತೂ ಹೇಳಲಿಲ್ಲ. ಕೆಂಪರಾಜುವೂ ಕೆದಕಲಿಲ್ಲ. ಆಗ ಅವನ ಕೈಯಲ್ಲಿ ಎರಡು ವರ್ಷದಿಂದ ಎಳೆಯುತ್ತಿದ್ದ ಹತ್ತು ಚಕ್ರದ ಲಾರಿಯಿತ್ತು. ತಂಗಿ ಸಂಜೆ ಹೊತ್ತು ಎದುರಿಗೆ ಕೂತು ಅದಕ್ಕೆ ಟಾರ್ಪಾಲು ಹೊಲಿದುಕೊಟ್ಟಳು, ಹಗ್ಗ ಹೊಸೆದುಕೊಟ್ಟಳು. ಲಾರಿಯವರು ಗಾಡಿಯ ಹಣೆಯ ಮೇಲೆ ಮಕ್ಕಳ ಹೆಸರು ಬರೆಸುತ್ತಾರೆ. ಇವನಿಗೆ ಮಕ್ಕಳೆಲ್ಲಿ? ಸಣ್ಣ ಕುಂಚ ಹಿಡಿದು ಕ್ಯಾಬಿನ್ನಿನ ಹಣೆಪಟ್ಟಿಯ ಮೇಲೆ ಹಳದಿ ಅಕ್ಷರದಲ್ಲಿ ವಾಣಿಶ್ರೀ ಎಂದು ಬರೆದ. ತನ್ನ ಹೆಸರು ನೋಡಿ ಅವಳು ನಕ್ಕಳು. ಆ ಸಲ ತವರಿಗೆ ಬಂದಮೇಲೆ ಅವಳು ನಕ್ಕಿದ್ದು ಆಗ ಮಾತ್ರ ಇರಬೇಕು.

ಆಯುಧಪೂಜೆ ಬಂತು. ಬೀರುವಿನೊಳಗೆ ಬಟ್ಟೆ ಹೊದಿಸಿಟ್ಟಿದ್ದ ಲಾರಿಯನ್ನು ಅಲ್ಲೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎಲ್ಲರ ಗಾಡಿಗೂ ಪೂಜೆಯಾಗುವ ದಿನ ತನ್ನದೊಂದು ಕತ್ತಲಲ್ಲಿರಬೇಕೆ? ಬೈಕಿನ ಪಕ್ಕದಲ್ಲಿ ಜಗಲಿಯ ಮೇಲೆ ಅದನ್ನೂ ಇಟ್ಟ. ವಿಭೂತಿ ಬಳಿದ, ಕುಂಕುಮವಿಟ್ಟ, ಸೇವಂತಿಗೆಯ ಎಸಳು ಪೋಣಿಸಿ ಹಾರ ಹಾಕಿದ. ಚಕ್ರದಡಿಗೆ ನಿಂಬೆಹಣ್ಣು ಇಡಬೇಕಲ್ಲ, ಆದರೆ ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದು. ಬೇಲಿಯಿಂದ ಗೋಲಿಯಷ್ಟಿನ ಸುಂಡೆಕಾಯಿ ಕಿತ್ತು ತಂದು ಒಂದೊಂದು ಚಕ್ರಕ್ಕೆ ಒಂದೊಂದು ಇಟ್ಟ. ಇಷ್ಟು ಭಕ್ತಿಯಿಂದ ತನ್ನ ಲಾರಿಯನ್ನು ತಾನೇ ಬಯಲಿಗೆ ತಂದು ಕೂರಿಸಿದ ಪುಣ್ಯಾತ್ಮ ಅವನು.

ಮಂಗಳಾರತಿ ಆಗುತ್ತಿದ್ದಂತೆ ಮನೆ ಮುಂದೆ ಕಾರು ನಿಂತಿತು. ತೂಬಗೆರೆಯಿಂದ ಅಪ್ಪಯ್ಯಣ್ಣ, ದೇವರಾಜ್, ದೇವರಾಜನ ಅಣ್ಣನ ಮಗಳು ನಾಲ್ಕು ವರ್ಷದ ಸಿಂಚನ. ಸೊಸೆಯನ್ನು ಕರೆದುಕೊಂಡು ಹೋಗಲು ಬೀಗರು ತಾವಾಗಿಯೇ ಬಂದರೆ ಅಮ್ಮಯಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತದೆಯೇ? ಪಾಯಸ ಬಡಿಸಿದಳು, ಒಬ್ಬಟ್ಟು ಬಡಿಸಿದಳು, ಹಳೆಯ ಮಾತು ಯಾರ ಬಾಯಲ್ಲೂ ಬಾರದಂತೆ ಎಲೆ ಖಾಲಿಯಾಗಲು ಬಿಡಲಿಲ್ಲ. ವಾಣಿಶ್ರೀ ಚೀಲಕ್ಕೆ ಬಟ್ಟೆ ತುಂಬಿಕೊಂಡಳು.

ಹೊರಡುವ ಹೊತ್ತಿಗೆ ಸಿಂಚನ ಲಾರಿಯನ್ನು ಅವಚಿಕೊಂಡು ಕೂತಿತ್ತು. ಬಿಡಿಸಲು ಹೋದರೆ ಕಿರುಚಾಟ. ಮಗುವಿನ ಅಳು ಏರುತ್ತಿದ್ದಂತೆ ಅಪ್ಪಯ್ಯಣ್ಣನ ಮುಖ ಗಂಟಿಕ್ಕಿತು. ಎರಡು ತಿಂಗಳ ಮುನಿಸು ಈಗಷ್ಟೇ ತಣ್ಣಗಾಗಿದೆ. ಹೊಸಿಲು ದಾಟುವಾಗ ಅಪಶಕುನದಂತೆ ಈ ಅಳು. ಅಮ್ಮಯಮ್ಮ ಮಗನ ಕಡೆ ತಿರುಗಿಯೂ ನೋಡಲಿಲ್ಲ. ಎಲೆ ಅಡಿಕೆ, ತೆಂಗಿನಕಾಯಿ ಇದ್ದ ತಟ್ಟೆಯೊಳಗೇ ಲಾರಿಯನ್ನು ಇಟ್ಟು, ಮಗುವಿನ ಹಣೆಗೆ ಕುಂಕುಮವಿಟ್ಟು, ತಟ್ಟೆಯನ್ನು ಬೀಗರ ಕೈಗೆ ಕೊಟ್ಟುಬಿಟ್ಟಳು. ಕೆಂಪರಾಜು ಬಾಯಿ ತೆರೆದ.

"ಅವ್ಳ ಹೆಸ್ರೇ ಬರ್ದಿದ್ದೀಯಲ್ಲೋ, ಅವ್ಳ ಜೊತೇಲೇ ಹೋಗ್ಲಿ ಬಿಡು," ಎಂದಳು ಅಮ್ಮಯಮ್ಮ.

ಹಬ್ಬದ ದಿನ ತಾಂಬೂಲದ ಜೊತೆ ಕೊಟ್ಟದ್ದನ್ನು ಕೇಳಿ ವಾಪಸ್ ತೆಗೆದುಕೊಳ್ಳುವುದುಂಟೆ? ಅದೂ ಹೆಣ್ಣು ಕೊಟ್ಟ ಮನೆಯವರು, ಗಂಡಿನ ಕಡೆಯವರಿಂದ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ನಿಂತಿದ್ದ. ಕಾರಿನ ಕಿಟಕಿಯಿಂದ ವಾಣಿಶ್ರೀ ಅಣ್ಣನನ್ನೇ ನೋಡುತ್ತಿದ್ದಳು. ಕಾರು ಹೋದಮೇಲೆ ಜಗಲಿಯಲ್ಲಿ ಹತ್ತು ಸುಂಡೆಕಾಯಿ ಉಳಿದಿದ್ದವು.

ಆಮೇಲಿನ ದಿನಗಳಲ್ಲಿ ಅವನು ತಂಗಿಗೆ ಫೋನ್ ಮಾಡುತ್ತಿದ್ದ. ಲಾರಿ ಹೇಗಿದೆ ಎಂದೇ ಮಾತು ಶುರು. ಮಗು ಮಲಗಿದಾಗ ಮೇಲೆತ್ತಿಡು, ಬಿಸಿಲಿಗೆ ಬಿಟ್ಟರೆ ಶೀಟು ಸೊಟ್ಟಗಾಗುತ್ತದೆ, ಕನ್ನಡಿ ಮುಟ್ಟಲು ಬಿಡಬೇಡ ಎಂದೆಲ್ಲ ಹೇಳುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು. ಒಂದು ದಿನ ಕನ್ನಡಿ ಹೋಯಿತೆಂದಳು, ಇನ್ನೊಂದು ದಿನ ಹಿಂದಿನ ಚಕ್ರ. ನಾನು ಎತ್ತಿಡಲು ಹೋದರೆ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತಾಳೆ ಎಂಬ ಮಾತು ಬರುತ್ತದೆ ಅಣ್ಣ, ಎಂದು ಒಮ್ಮೆ ಮೆಲ್ಲಗೆ ಹೇಳಿದಳು. ಕೆಂಪರಾಜುವಿಗೆ ಅದರಲ್ಲಿ ಕೇಳಿಸಿದ್ದು ಚಕ್ರದ ಸುದ್ದಿ ಮಾತ್ರ. ರಾತ್ರಿ ಊಟ ಸೇರಲಿಲ್ಲ.

ದೀಪಾವಳಿಗೆ ತಂಗಿಯನ್ನು ಕರೆತರಲು ಸೀರೆ, ಹಣ್ಣು ಹಿಡಿದು ಬೈಕಿನಲ್ಲಿ ತೂಬಗೆರೆಗೆ ಹೋದ. ಕರೆಯುವ ನೆಪವೂ ಆಯಿತು, ಲಾರಿ ನೋಡಿದಂತೆಯೂ ಆಯಿತು ಎಂದುಕೊಂಡಿದ್ದ. ಅಂಗಳಕ್ಕೆ ಕಾಲಿಟ್ಟಾಗಲೇ ಕಂಡಿತು. ನೀರಿನ ತೊಟ್ಟಿಯ ಪಕ್ಕದಲ್ಲಿ ಚಕ್ರವೇ ಇಲ್ಲದೆ ಬಿದ್ದಿತ್ತು, ಕ್ಯಾಬಿನ್ ಮುರಿದಿತ್ತು, ಸಾಮಾನು ತುಂಬುವ ಕಡೆ ಕೆಸರು ಕಲಸಿ ತುಂಬಿತ್ತು. ಟಾರ್ಪಾಲಿನಲ್ಲಿ ಯಾರೋ ತೊಟ್ಟಿ ಉಜ್ಜಿ ಎಸೆದಿದ್ದರು. ಅವನಿಗೆ ಅಲ್ಲಿಗೆ ಹೋಗಿ ಬಗ್ಗಲೂ ಆಗಲಿಲ್ಲ. ಅಪ್ಪಯ್ಯಣ್ಣ ಜಗಲಿಯಿಂದ ಕೂಗಿ ಕರೆದು ಕೂರಿಸಿದರು.

ಕಾಫಿ ಬಂತು. ತಂಗಿಯನ್ನು ಹಬ್ಬಕ್ಕೆ ಕಳಿಸುವ ವಿಷಯ ತೆಗೆದ. ಅಪ್ಪಯ್ಯಣ್ಣ ಲೋಟ ಕೆಳಗಿಟ್ಟರು.

"ಎರಡು ತಿಂಗ್ಳು ತವರಲ್ಲೇ ಇದ್ಲಲ್ಲಪ್ಪಾ. ಈ ಸಲ ಹಬ್ಬ ಇಲ್ಲೇ ಮಾಡ್ಲಿ. ಸೀರೆ ಕೊಟ್ಟು ಹೋಗು."

ದೇವರಾಜ್ ನೆಲ ನೋಡುತ್ತಿದ್ದ. ಬಾಗಿಲ ಹಿಂದೆ ಬಳೆ ಸದ್ದಾಯಿತು, ನಿಂತಿತು. ಕೆಂಪರಾಜು ಆಗಲಿ ಮಾವ ಎಂದ. ಬೇರೇನು ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅಪ್ಪಯ್ಯಣ್ಣನಿಗೆ ಆಗ ಇನ್ನೊಂದು ನೆನಪಾಯಿತು. ಲಾರಿ ಮುರಿದಾಗಿನಿಂದ ಮಗು ಊಟಕ್ಕೂ ಹಟ ಮಾಡುತ್ತದೆ, ಎದುರಿಗೆ ಸಿಕ್ಕ ವಾಣಿಶ್ರೀಗೆ ನೀನೇ ಮುರಿದದ್ದು ಅನ್ನುತ್ತದೆ, ಮನೆಯಲ್ಲಿ ಅದೊಂದು ರಾಮಾಯಣವಾಗಿದೆ ಎಂದರು.

"ಇನ್ನೊಂದ್ ಮಾಡ್ಕೊಡು. ಈ ಸಲ ಒಸಿ ಗಟ್ಟಿಯಾಗಿರ್ಲಿ. ಮಗೀನ ಹೆಸ್ರು ಬರ್ದ್ಬಿಡು, ಖುಷಿ ಪಡ್ತದೆ."

ಅದಕ್ಕೂ ಆಗಲಿ ಎಂದ.

ಬೈಕು ಹತ್ತುವಾಗ ವಾಣಿಶ್ರೀ ಕಸ ಚೆಲ್ಲುವವಳಂತೆ ಗೇಟಿನ ತನಕ ಬಂದಳು. ಸೆರಗಿನಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು ಅಣ್ಣನ ಜೇಬಿಗೆ ಹಾಕಿದಳು. ಮೊದಲಿಗಿಂತ ಇಳಿದುಹೋಗಿದ್ದಳು.

"ಇಷ್ಟೇ ಅಣ್ಣ ನನ್ ಕೈಲಿ ಉಳಿಸಕ್ಕಾಗಿದ್ದು," ಎಂದವಳೇ ಜಗಲಿಯ ಕಡೆ ನೋಡಿ ಒಳಗೆ ಹೋದಳು.

ದೊಡ್ಡಬಳ್ಳಾಪುರ ದಾಟಿ ರಸ್ತೆ ಬದಿಯಲ್ಲಿ ಬೈಕು ನಿಲ್ಲಿಸಿ ಡಬ್ಬಿ ತೆರೆದ. ಕುಂಕುಮದ ಹಳೆಯ ಡಬ್ಬಿ. ಒಳಗೆ ಒಂದು ಕನ್ನಡಿ, ಎರಡು ಚಕ್ರ, ಒಂದು ಬಾಗಿಲು, ಅವಳ ಹೆಸರಿದ್ದ ಹಣೆಪಟ್ಟಿಯ ಅರ್ಧ. ದಿನಾ ಫೋನಿನಲ್ಲಿ ತಾನು ಕೇಳಿದ್ದೆಲ್ಲ ಈ ತುಂಡುಗಳ ಕ್ಷೇಮಸಮಾಚಾರ. ಅವುಗಳನ್ನು ಯಾರ ಕಣ್ಣಿಗೂ ಬೀಳದಂತೆ ಆರಿಸಿಕೊಂಡವಳ ಕ್ಷೇಮ ಒಂದು ದಿನವೂ ಕೇಳಿರಲಿಲ್ಲ. ಅವನಿಗೆ ತಡೆಯಲಾಗದ ಅಳು ಬಂತು. ತಿರುಗಿ ಹೋಗಿ ಅವಳನ್ನು ಕರೆದುಕೊಂಡು ಬರಬೇಕೆನಿಸಿತು. ಕರೆತಂದರೆ ಮನೆಯಲ್ಲಿ ಅಮ್ಮಯಮ್ಮ ಏನೆನ್ನುತ್ತಾಳೆ, ಊರು ಏನೆನ್ನುತ್ತದೆ, ಅವಳೇ ಬರುತ್ತಾಳೋ ಇಲ್ಲವೋ. ಕೂತಲ್ಲೇ ಕೂತಿದ್ದು, ಕೊನೆಗೆ ಮನೆ ಕಡೆಗೇ ಬೈಕು ಓಡಿಸಿದ.

ಆ ವಾರವೇ ಹೊಸ ಲಾರಿಗೆ ಕೈ ಹಾಕಿದ. ಶೀಟು ಬೇಡವೆಂದು ಪ್ಲೈವುಡ್ ತಂದ. ಅಂಟಿನ ಬದಲು ಸ್ಕ್ರೂ ಹಾಕಿದ. ಮರದ ದಪ್ಪ ಚಕ್ರ, ತೆರೆಯದ ಬಾಗಿಲು, ಕನ್ನಡಿಯಿಲ್ಲ, ಸ್ಟೇರಿಂಗಿಲ್ಲ. ಎಲ್ಲಿಯೂ ಮುರಿಯಬಾರದು. ಮುರಿದರೆ ಮಗು ಅಳುತ್ತದೆ, ಮಗು ಅತ್ತರೆ ಮಾತು ವಾಣಿಶ್ರೀಯ ಮೇಲೆ ಬೀಳುತ್ತದೆ. ಮೇಲಿನಿಂದ ನೆಲಕ್ಕೆ ಬೀಳಿಸಿ ನೋಡಿದ, ಹತ್ತಿ ನಿಂತು ನೋಡಿದ. ಹಣೆಯ ಮೇಲೆ ಸಿಂಚನ ಎಂದು ಬರೆದ. ಅಮ್ಮಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ವರ್ಷಕ್ಕೆ ಒಂದು ಸರಿಯಾಗಿ ಮಾಡಿದೆ ಎಂದಳು.

ತೂಬಗೆರೆ ಕಡೆ ಹೋಗುವವರ ಕೈಯಲ್ಲಿ ಕಳಿಸಿಕೊಟ್ಟು, ಎರಡು ದಿನ ಬಿಟ್ಟು ತಂಗಿಗೆ ಫೋನ್ ಮಾಡಿದ. ಲಾರಿಯ ಮಾತೇ ಎತ್ತಬಾರದೆಂದು ಮೊದಲೇ ನಿರ್ಧರಿಸಿಕೊಂಡಿದ್ದ.

"ನೀನ್ ಹೆಂಗಿದ್ದೀಯ ವಾಣಿ?" ಎಂದ.

ಆ ಕಡೆ ಯಾರೋ ಹತ್ತಿರದಲ್ಲಿ ಓಡಾಡುವ ಸದ್ದು, ಮಗುವಿನ ಕೂಗು, ಮರದ ಚಕ್ರ ನೆಲದ ಮೇಲೆ ಗಡಗಡ ಉರುಳುವ ಸದ್ದು ಕೇಳಿಸಿತು.

"ಲಾರಿ ಚೆನ್ನಾಗಿದೆ ಅಣ್ಣ," ಎಂದಳು ವಾಣಿಶ್ರೀ. "ಗಟ್ಟಿಯಾಗಿದೆ."