ಲ್ಯಾಮಿನೇಷನ್ ಮಾಡಿಸಿದ ಟಿಕೆಟ್

ಗೇಟಿನಲ್ಲಿ ನಿಲ್ಲಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಜನರನ್ನು ನಂಬುವುದಕ್ಕೆಂದು ನನಗೆ ಯಾರೂ ಸಂಬಳ ಕೊಡುವುದಿಲ್ಲ. ಯಲಹಂಕದಿಂದ ರಾಜಾನುಕುಂಟೆಗೆ ಹೋಗುವ ದಾರಿಯಲ್ಲಿರುವ ಒಳಾಂಗಣ ಕ್ರೀಡಾಂಗಣದ ಮೂರನೇ ಗೇಟು ನನ್ನದು. ಅಲ್ಲಿ ಎಂಥೆಂಥವರು ಬರುತ್ತಾರೆ ಅಂತೀರಿ? ನೀರಿನ ಕ್ಯಾನ್ ಹೆಗಲ ಮೇಲಿಟ್ಟುಕೊಂಡು ತಾವು ಕ್ಯಾಂಟೀನಿನವರು ಅನ್ನುವವರು, ಹೋದ ವಾರದ ಟಿಕೆಟ್ಟಿಗೆ ಇವತ್ತಿನ ತಾರೀಖು ಅಂಟಿಸಿಕೊಂಡು ಬರುವವರು, ಒಳಗೆ ಆಡುತ್ತಿರುವ ಹುಡುಗಿ ತಮ್ಮ ತಂಗಿ ಎಂದು ಕಣ್ಣೀರು ಹಾಕುವವರು. ನಗುನಗುತ್ತಾ ಬಂದವರ ಮೇಲಂತೂ ನನಗೆ ಇನ್ನೂ ಅನುಮಾನ. ಮನೆಗೆ ಬಂದ ನೆಂಟರನ್ನೂ ನೀವು ಮೇಲಿಂದ ಕೆಳಗೆ ನೋಡುತ್ತೀರಿ ಎಂದು ನನ್ನ ಹೆಂಡತಿ ಕಲಾವತಿ ಬೈಯುತ್ತಾಳೆ. ನೋಡುತ್ತೇನೆ, ಸುಳ್ಳಲ್ಲ.

ಜಕ್ಕೂರಿನ ಮುನಿಯಲ್ಲಪ್ಪನವರ ಮೇಲೆ ನನಗೆ ಅನುಮಾನ ಬಂದದ್ದು ಅವರ ಕೈಯಲ್ಲಿ ಫೋನಿಲ್ಲದ್ದಕ್ಕೆ. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ತೋಳು ಮಡಿಸಿದ ಅಂಗಿ, ಜೇಬಿನಲ್ಲಿ ಒಂದು ಬಾಲ್‌ಪೆನ್. ಎರಡು ವರ್ಷದಿಂದ ಒಂದು ಪಂದ್ಯ ತಪ್ಪಿಸಿದವರಲ್ಲ. ವಾಲಿಬಾಲ್ ಇರಲಿ, ಕಬಡ್ಡಿ ಇರಲಿ, ಹೆಸರೇ ಕೇಳದ ಊರುಗಳ ಬ್ಯಾಡ್ಮಿಂಟನ್ ಇರಲಿ, ಹಾಜರು. ಈಗ ಟಿಕೆಟ್ ಎಲ್ಲಾ ಫೋನಿನಲ್ಲೇ. ಫೋನೇ ಇಲ್ಲದ ಮನುಷ್ಯನಿಗೆ ಪ್ರತಿ ಸಲ ಟಿಕೆಟ್ ಎಲ್ಲಿಂದ ಬರುತ್ತದೆ? ಯಾರದೋ ಕೈವಾಡವಿದೆ ಎಂದು ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ.

ಅವರ ಕಥೆ ನನಗೆ ಗೊತ್ತಾದದ್ದು ಆಮೇಲೆ. ಮೂವತ್ತು ವರ್ಷ ಅವರು ಮೈದಾನಗಳಿಗೆ ಗೆರೆ ಹಾಕಿದವರು. ಯಲಹಂಕ, ಹೆಬ್ಬಾಳ, ಅಬ್ಬಿಗೆರೆ, ಎಲ್ಲಿ ಶಾಲೆಗಳ ಕ್ರೀಡಾಕೂಟ ನಡೆದರೂ ಹಿಂದಿನ ದಿನ ಮುನಿಯಲ್ಲಪ್ಪ ಗೂಟ ಹೊಡೆದು, ದಾರ ಕಟ್ಟಿ, ತಳಕ್ಕೆ ತೂತು ಕೊರೆದ ತಗಡಿನ ಡಬ್ಬದಿಂದ ಸುಣ್ಣದ ಪುಡಿ ಉದುರಿಸುತ್ತಾ ಹೋಗುತ್ತಿದ್ದರು. ಓಟದ ಪಥದ ತಿರುವನ್ನು ದಾರವೇ ಇಲ್ಲದೆ ಬರೀ ಹೆಜ್ಜೆಯ ಅಳತೆಯಲ್ಲಿ ಎಳೆಯುತ್ತಿದ್ದರಂತೆ. ಗೆರೆ ಹಾಕಿದವನಿಗೆ ಟಿಕೆಟ್ ಕೇಳುವವರು ಯಾರು? ಗೆರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಆಟ ನೋಡಿದ್ದಾರೆ. ಈಗ ಕಬಡ್ಡಿಗೆ ಮ್ಯಾಟ್ ಬಂದಿದೆ, ಗೆರೆ ಅದರ ಮೇಲೆಯೇ ಅಚ್ಚಾಗಿ ಬರುತ್ತದೆ. ಸುಣ್ಣದ ಡಬ್ಬಕ್ಕೆ ಕೆಲಸವಿಲ್ಲ. ಆಟದ ಹುಚ್ಚು ಮಾತ್ರ ಹಾಗೇ ಉಳಿದಿದೆ.

ಸ್ಮಾರ್ಟ್‌ಫೋನ್ ಕಂಡರೆ ಅವರಿಗೆ ಆಗದು. ಒಂದು ಸಲ ಅಳಿಯನ ಫೋನ್ ಪಕ್ಕದಲ್ಲಿ ಕೂತು ಮಂಡಿನೋವು ಎಂದರಂತೆ. ಅರ್ಧ ಗಂಟೆಯಲ್ಲಿ ಅದೇ ಫೋನಿನಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು. "ಮನೇಲಿ ಆಡಿದ್ ಮಾತ್ನ ಕದ್ದು ಕೇಳೋ ಸಾಮಾನು ನಂಗ್ಯಾಕೆ?" ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟರು. ಪಂದ್ಯಗಳ ತಾರೀಖು ಅವರಿಗೆ ತಿಳಿಯುವುದು ಪತ್ರಿಕೆಯ ಕ್ರೀಡಾಪುಟದಿಂದ, ಗೋಡೆಯ ಪೋಸ್ಟರಿನಿಂದ. ಟಿಕೆಟ್ ಮಾಡಿಸಿಕೊಡುವುದು ಜಕ್ಕೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮಂಜೂರ್. ಅವನು ತನ್ನ ಫೋನಿನಲ್ಲಿ ಬುಕ್ ಮಾಡಿ, ಕಾಗದದ ಮೇಲೆ ಪ್ರಿಂಟ್ ತೆಗೆದುಕೊಡುತ್ತಾನೆ. ಹದಿನೈದು ವರ್ಷದ ಪರಿಚಯ. ಮುನಿಯಲ್ಲಪ್ಪನವರು ಕಣ್ಣುಮುಚ್ಚಿ ನಂಬುತ್ತಿದ್ದದ್ದು ಬಹುಶಃ ಅವನೊಬ್ಬನನ್ನೇ.

ಮೊನ್ನೆ ಮಹಿಳೆಯರ ಕಬಡ್ಡಿಯ ಫೈನಲ್. ಅದರಲ್ಲಿ ಅವರ ಮಗಳ ಮಗಳು ನಾಗಲಕ್ಷ್ಮಿ ಆಡುವವಳಿದ್ದಳು, ಏಳನೇ ನಂಬರ್. ಹುಡುಗಿ ಬೆಳೆದದ್ದು ಅಜ್ಜನ ಮನೆಯಲ್ಲೇ, ಅಂಗಳದಲ್ಲಿ ಅಜ್ಜ ಎಳೆದುಕೊಟ್ಟ ಸುಣ್ಣದ ಗೆರೆಯ ಮೇಲೆ. ಅವಳಿಗದು ಮೊದಲನೇ ಫೈನಲ್. ಆಟಗಾರರ ಮನೆಯವರಿಗೆ ಉಚಿತ ಪಾಸ್ ಇತ್ತು. ಅಜ್ಜ ಬೇಡವೆಂದರು. ಪಾಸಿನಲ್ಲಿ ಕೂತವರನ್ನು ಯಾರಾದರೂ ದೊಡ್ಡವರು ಬಂದಾಗ ಎಬ್ಬಿಸಿ ಹಿಂದಕ್ಕೆ ಕಳಿಸುವುದನ್ನು ಅವರು ಬೇಕಾದಷ್ಟು ಕಂಡಿದ್ದರು. ಹಾಗಾಗಿ ಮೊಮ್ಮಗಳಿಗೆ ಕೋರ್ಟಿನಿಂದ ನೇರವಾಗಿ ಕಾಣುವಂತೆ, ಎರಡನೇ ಸಾಲಿನ ಹದಿನಾಲ್ಕನೇ ಸೀಟನ್ನು ಮಂಜೂರನಿಂದ ಬುಕ್ ಮಾಡಿಸಿದರು. ಹಿಂದೊಮ್ಮೆ ಮಡಿಕೆ ಬಿದ್ದ ಕಾಗದವನ್ನು ಗೇಟಿನ ಸ್ಕ್ಯಾನಿಂಗ್ ಮೆಷಿನ್ ಓದದೆ ನಾನು ಹತ್ತು ನಿಮಿಷ ನಿಲ್ಲಿಸಿದ್ದೆನಂತೆ. ಅದಕ್ಕೆ ಈ ಸಲ ಆಧಾರ್ ಕಾರ್ಡಿಗೆ, ರೇಷನ್ ಕಾರ್ಡಿಗೆ ಮಾಡಿಸಿದ ಹಾಗೆ ಟಿಕೆಟ್ಟಿಗೂ ಲ್ಯಾಮಿನೇಷನ್ ಮಾಡಿಸಿದ್ದರು.

ಸಂಜೆ ನಾಲ್ಕಕ್ಕೆ ಆಟ. ಮೂರೂವರೆಗೆ ಸರತಿಯಲ್ಲಿ ಬಂದು ಆ ಪಳಪಳ ಹೊಳೆಯುವ ಹಾಳೆಯನ್ನು ನನ್ನ ಮುಂದೆ ಹಿಡಿದರು. ಮೆಷಿನ್ ಇಟ್ಟೆ. ಕೆಂಪು ದೀಪ. ಈ ಟಿಕೆಟ್ ಆಗಲೇ ಬಳಕೆಯಾಗಿದೆ ಎಂದು ಬರಹ ಬಂತು. ಇನ್ನೊಮ್ಮೆ ಇಟ್ಟೆ, ಮತ್ತೆ ಕೆಂಪು. ಎರಡು ವರ್ಷದ ಅನುಮಾನ ಕೊನೆಗೂ ಸಿಕ್ಕಿಬಿತ್ತು ಎಂದು ನನಗೆ ಒಳಗೊಳಗೇ ಖುಷಿಯಾಯಿತು. ನಾಚಿಕೆಯಾದರೂ ಇದನ್ನು ಹೇಳಲೇಬೇಕು.

"ಯಜಮಾನ್ರೇ, ಪಕ್ಕಕ್ಕೆ ಬನ್ನಿ. ಈ ಟಿಕೆಟ್‌ನಲ್ಲಿ ಯಾರೋ ಆಗ್ಲೇ ಒಳಗೆ ಹೋಗಿದ್ದಾರೆ."

"ಅದೆಂಗೆ ಓಯ್ತಾರೆ ಸಾಮಿ? ಬೆಳಿಗ್ಗಿಂದ ನನ್ ಜೇಬಲ್ಲೇ ಐತೆ. ನೀವೇ ನೋಡಿ ಸರಿಯಾಗೈತೆ ಅಂದ್ರಲ್ಲಾ?"

ನೀವೇ ಬಿಟ್ಟಿರಿ, ನೀವೇ ಹೇಳಿದಿರಿ, ನೀವೇ ನೋಡಿದಿರಿ. ಈ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಕೇಳುವವನು ನಾನು. ಮೈ ಉರಿಯಿತು.

"ನನ್ನ ಕಿವಿಗೆ ಹೂವು ಇಡ್ಬೇಡಿ. ಇದನ್ನ ಪ್ರಿಂಟ್ ಹಾಕಿದ್ದು ಯಾರು?"

"ನಮ್ಮೂರ್ ಮಂಜೂರ್."

"ಒಂದು ಪ್ರಿಂಟ್ ಹಾಕಿದವನು ಇನ್ನೊಂದು ಹಾಕೋಕೆ ಎಷ್ಟು ಹೊತ್ತು? ನಿಮಗೊಂದು ಕೊಟ್ಟು ಇನ್ಯಾರಿಗೋ ಒಂದು ಕೊಟ್ಟಿದ್ದಾನೆ."

"ಅವ್ನು ಅಂತೋನಲ್ಲ ಸಾಮಿ," ಎಂದರು. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಂತೋನಲ್ಲ ಅನ್ಕಂಡಿದ್ದೆ," ಎಂದರು.

ಮಂಜೂರನ ನಂಬರನ್ನು ಹಾಳೆಯ ಹಿಂದೆ ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದರು. ನಾನೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವನು ಅಲ್ಲಾಹನ ಮೇಲೆ ಆಣೆ ಇಟ್ಟ. "ಯಲ್ಲಪ್ಪಣ್ಣಾ, ನಾನು ನಿಮಗೆ ಹಂಗೆ ಮಾಡ್ತೀನಾ?" ಎಂದು ಮೂರು ಸಲ ಕೇಳಿದ. ಇವರು ಫೋನಿನ ಕಡೆ ನೋಡದೆ ಹಾಳೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

"ಒಳಗ್ ಆಡ್ತಿರೋದು ನಮ್ಮುಡುಗಿ ಸಾಮಿ. ಏಳ್ನೇ ನಂಬ್ರು. ಆ ಸೀಟ್ನಾಗೆ ಕುಂತಿರ್ತೀನಿ ಅಂತ ಮಾತ್ ಕೊಟ್ಟಿವ್ನಿ."

"ಹಾಗಾದ್ರೆ ಅವಳಿಗೆ ಫೋನ್ ಮಾಡಿಸಿ."

"ಆಡೋರ್ ಫೋನೆಲ್ಲಾ ಇಸ್ಕಂಡ್ ಬೀಗ ಹಾಕ್ತಾರಂತಲ್ಲಾ?"

ಅದು ನಿಜ. ಆದರೆ ಸುಳ್ಳು ಹೇಳುವವರಿಗೂ ಗೊತ್ತಿರುವ ನಿಜ. ಬೇರೆ ಟಿಕೆಟ್ ಕೊಡಿಸೋಣವೆಂದರೆ ಎಲ್ಲವೂ ಖರ್ಚಾಗಿತ್ತು. ಹಿಂದೆ ನಿಂತವರು ಬೇಗ ಬಿಡಿ ಗುರು ಎಂದು ಕೂಗತೊಡಗಿದರು. ಮುನಿಯಲ್ಲಪ್ಪನವರನ್ನು ಸರತಿಯಿಂದ ಆಚೆ ಕಳಿಸಿದೆ. ರಸ್ತೆಯ ಬದಿಯ ಕಲ್ಲುಬೆಂಚಿನ ಮೇಲೆ ಹೋಗಿ ಕೂತರು. ಮನೆಗೆ ಹೋಗಲಿಲ್ಲ, ಜಗಳವಾಡಲಿಲ್ಲ. ಜಗಳವಾಡದೆ ಇದ್ದದ್ದೂ ನನಗೆ ಅನುಮಾನವೇ.

ಆಟ ಶುರುವಾಗಿ ಗೇಟು ಖಾಲಿಯಾದ ಮೇಲೆ, ಆ ಇನ್ನೊಬ್ಬ ಕಳ್ಳನನ್ನು ಕೊರಳಪಟ್ಟಿ ಹಿಡಿದು ಎಳೆದು ತರಬೇಕೆಂದು ಒಳಗೆ ಹೋದೆ. ಎರಡನೇ ಸಾಲು, ಹದಿನಾಲ್ಕನೇ ಸೀಟು. ಇಡೀ ಸಭಾಂಗಣ ಗಿಜಿಗುಡುತ್ತಿತ್ತು, ಆ ಒಂದು ಸೀಟು ಖಾಲಿ. ಪಕ್ಕದವರನ್ನು ಕೇಳಿದೆ. ಯಾರೂ ಬಂದಿಲ್ಲ ಎಂದರು.

ನಾನು ಅಲ್ಲೇ ನಿಂತಿದ್ದಾಗ ಏಳನೇ ನಂಬರಿನ ಹುಡುಗಿ ರೈಡಿಗೆ ಹೊರಟಳು. ಹೊರಡುವ ಮುಂಚೆ ಒಮ್ಮೆ ನನ್ನ ಕಡೆ ನೋಡಿದಳು. ನನ್ನನ್ನಲ್ಲ, ನನ್ನ ಪಕ್ಕದ ಆ ಖಾಲಿ ಸೀಟನ್ನು. ಎಡಮೂಲೆಗೆ ನುಗ್ಗಿ, ಕಾಲು ಚಾಚಿ ಇಬ್ಬರನ್ನು ಮುಟ್ಟಿ, ಹಿಂದೆ ತಿರುಗುವಾಗ ಹಿಡಿಯಲು ಬಂದ ಇನ್ನಿಬ್ಬರನ್ನೂ ಎಳೆದುಕೊಂಡು ನಡುಗೆರೆ ಮುಟ್ಟಿದಳು. ಒಂದೇ ರೈಡಿನಲ್ಲಿ ನಾಲ್ಕು ಪಾಯಿಂಟ್. ಜನ ಎದ್ದು ಕುಣಿದರು. ಅವಳು ಕುಣಿಯಲಿಲ್ಲ, ಮತ್ತೆ ಆ ಸೀಟಿನ ಕಡೆಗೇ ನೋಡಿದಳು.

ಕಂಟ್ರೋಲ್ ರೂಮಿಗೆ ಓಡಿದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಧನಲಕ್ಷ್ಮಿ ಟಿಕೆಟ್ ನಂಬರ್ ಒತ್ತಿ ನೋಡಿ ಹೇಳಿದಳು. "ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಆಗಿದೆ ಅಣ್ಣಾ. ಮೂರನೇ ಗೇಟು. ನಿಮ್ಮ ಮೆಷಿನ್ನೇ."

ಬೆಳಿಗ್ಗೆ! ಆಟಕ್ಕೆ ನಾಲ್ಕೂವರೆ ಗಂಟೆಗೂ ಮುಂಚೆ! ಆ ಹೊತ್ತಿಗೆ ಊಟದ ಸ್ಟಾಲಿನವರು, ಮೈಕಿನವರು ಪಾಸ್ ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದರು. ಪಾಸನ್ನು ಎಷ್ಟು ಸಲ ತೋರಿಸಿದರೂ ಮೆಷಿನ್ನಿಗೆ ಹಸಿರೇ. ಟಿಕೆಟ್ ಹಾಗಲ್ಲ, ಒಮ್ಮೆ ತೋರಿಸಿದರೆ ಮುಗಿಯಿತು. ಅವರ ನಡುವೆ ಯಾರೋ ಹೊಳೆಯುವ ಹಾಳೆಯೊಂದನ್ನು ಚಾಚಿ, ಇದು ಓದುತ್ತಾ ಸಾಮಿ ಎಂದು ಕೇಳಿದ್ದು ನೆನಪಾಯಿತು. ಬೆಳಕು ಬಿದ್ದು ಮೊದಲು ಓದಲಿಲ್ಲ. ಪಾಸುಗಳ ಗುಂಗಿನಲ್ಲಿ ನಾನೇ ಹಾಳೆಯನ್ನು ಓರೆಮಾಡಿ ಮತ್ತೆ ಹಿಡಿದೆ. ಹಸಿರು ದೀಪ ಬಂತು. ಸರಿಯಾಗಿದೆ, ಸಂಜೆ ಬನ್ನಿ ಎಂದೆ. ಪ್ಲಾಸ್ಟಿಕ್ಕಿನ ಮೇಲಿಂದ ಮೆಷಿನ್ ಓದುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಆ ಮನುಷ್ಯ ಜಕ್ಕೂರಿನಿಂದ ಬಸ್ಸು ಹತ್ತಿ ಬಂದು ಪರೀಕ್ಷೆ ಮಾಡಿಸಿಕೊಂಡು ಹೋಗಿದ್ದರು. ಬೆಂಕಿಕಡ್ಡಿ ಹತ್ತುತ್ತದೋ ಇಲ್ಲವೋ ಎಂದು ಗೀರಿ ನೋಡಿದ ಹಾಗೆ. ಗೀರಿದವನು ನಾನು.

ಓಡಿ ಹೊರಗೆ ಬಂದೆ. ಇನ್ನೂ ಅದೇ ಬೆಂಚಿನ ಮೇಲಿದ್ದರು. ಒಳಗಿನ ಕೂಗಿಗೆ ಕಿವಿಗೊಟ್ಟು, ಯಾವ ಕೂಗು ಯಾರದೆಂದು ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ.

"ಬನ್ನಿ ಯಜಮಾನ್ರೇ, ಒಳಗೆ ಬನ್ನಿ. ಬೇಗ."

ಅವರು ಏಳಲಿಲ್ಲ. "ಯಾಕೆ? ಆಗ್ಲೇ ಬ್ಯಾಡ ಅಂದ್ರಿ, ಈಗ ಬಾ ಅಂತೀರಿ. ಒಳೀಕ್ ಕರ್ಕಂಡೋಗಿ ಪೊಲೀಸ್ನೋರ್ಗೆ ಇಡ್ಕೊಡಾಕಾ?"

"ಅಯ್ಯೋ, ತಪ್ಪು ನಂದು ಕಣ್ರೀ. ಬೆಳಿಗ್ಗೆ ನಾನೇ ಮೆಷಿನ್‌ಗೆ ಹಿಡಿದುಬಿಟ್ಟೆ. ಅದಕ್ಕೇ ಟಿಕೆಟ್ ಸತ್ತುಹೋಗಿದೆ. ನೀವು ಹೇಳಿದ್ದು ನಿಜ, ನಾನೇ ಕೇಳ್ಲಿಲ್ಲ."

ನನ್ನ ಮುಖವನ್ನು ಅವರು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ಗೇಟಿನಲ್ಲಿ ನಾನು ಜನರನ್ನು ನೋಡುವುದು ಹಾಗೆಯೇ. ಹೇಗೆ ನಂಬಿಸಲಿ? ಹೇಳಿದ್ದನ್ನೇ ಮತ್ತೆ ಹೇಳಿದೆ. ನಡುವೆ ಒಳಗಿನಿಂದ ಎರಡು ಸಲ ದೊಡ್ಡ ಕೂಗು ಬಂತು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು.

"ಅಂಗಾದ್ರೆ ಮಂಜೂರಂದೇನೂ ತಪ್ಪಿಲ್ಲ?"

"ಏನೂ ಇಲ್ಲ."

"ಪಾಪ, ಅವನ್ಗೆ ಒಂದ್ ಮಾತೂ ಆಡ್ಲಿಲ್ಲ ನಾನು," ಎಂದು ಎದ್ದರು.

ನಾವು ಒಳಗೆ ಹೋದಾಗ ಆರು ನಿಮಿಷದ ಆಟ ಉಳಿದಿತ್ತು. ಅವರು ಹದಿನಾಲ್ಕನೇ ಸೀಟಿನಲ್ಲಿ ಕೂತರು. ನಾಗಲಕ್ಷ್ಮಿ ಆಗ ಔಟಾಗಿ ಹೊರಗೆ ಕೂತಿದ್ದಳು. ಅಜ್ಜನನ್ನು ಕಂಡವಳೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಮತ್ತೆ ಆಡಿದಳು, ಚೆನ್ನಾಗಿಯೇ ಆಡಿದಳು. ಆದರೂ ಎರಡು ಪಾಯಿಂಟಿನಿಂದ ತಂಡ ಸೋತಿತು.

ಆಟ ಮುಗಿದ ಮೇಲೆ ಮೈಯೆಲ್ಲಾ ಬೆವರಾಗಿ ನೇರವಾಗಿ ನಮ್ಮ ಹತ್ತಿರ ಬಂದಳು.

"ಎಲ್ಲಿದ್ದೆ ತಾತ?"

"ಇಲ್ಲೇ ಇದ್ದೆ ಕಣವ್ವಾ. ಈ ಸೀಟ್ಗೆ ಗಾಳಿ ಬರ್ತಿರ್ಲಿಲ್ಲ, ಮ್ಯಾಲ್ಗಡೆ ಕುಂತಿದ್ದೆ." ನನ್ನನ್ನು ಬಿಟ್ಟುಕೊಡಬಾರದೆಂದೋ, ಅವಳಿಗೆ ನೋವಾಗಬಾರದೆಂದೋ ಸುಳ್ಳು ಹೇಳಿದರು.

ಅಜ್ಜನ ಕಣ್ಣೇ ಅವಳದ್ದೂ. "ಮೇಲಿಂದ ನೋಡಿದ್ರೆ ಹೇಳು, ಆ ನಾಲ್ಕು ಪಾಯಿಂಟ್ ಯಾವ ಕಡೆಯಿಂದ ತಂದೆ?"

ಮುನಿಯಲ್ಲಪ್ಪನವರು ಪಂಚೆಯ ಅಂಚು ಸರಿಮಾಡಿಕೊಳ್ಳತೊಡಗಿದರು. ನನಗೆ ತಡೆಯಲಾಗಲಿಲ್ಲ. "ಎಡಮೂಲೆ ಕಣಮ್ಮಾ, ಎಂಥಾ ರೈಡು ಅದು!" ಎಂದೆ.

"ನಿಮ್ಮನ್ನ ಕೇಳ್ಲಿಲ್ಲ ಸಾರ್. ತಾತನ್ನ ಕೇಳ್ದೆ."

"ನೋಡ್ಲಿಲ್ಲ ಕಣವ್ವಾ," ಎಂದರು ಅಜ್ಜ. "ಆಚೆ ಕುಂತಿದ್ದೆ."

"ಸೋತಿದ್ದು ಬಿಡು ತಾತ. ಬರ್ತಾ ರೋಡಲ್ಲಿ ನಿಂಗೇನೋ ಆಗ್ಹೋಯ್ತು ಅನ್ಕೊಂಡೆ. ಫೋನೂ ಇಲ್ಲ ನಿನ್ನತ್ರ. ಯಾರನ್ನ ಕೇಳ್ಲಿ? ಅದೇ ಯೋಚ್ನೇಲೇ ಆಡ್ದೆ." ಅವಳು ಬಿಕ್ಕಿ ಬಿಕ್ಕಿ ಅತ್ತಳು.

ತಪ್ಪು ನನ್ನದೆಂದು ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲಾ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಪೂರ್ತಿ ಕೇಳಿಸಿಕೊಂಡು, ಜೆರ್ಸಿಯ ತೋಳಿನಿಂದ ಕಣ್ಣು ಒರೆಸಿಕೊಂಡಳು.

"ಬೆಳಿಗ್ಗೆ ಟಿಕೆಟ್ ನೋಡುವಾಗ ನಮ್ಮ ತಾತನ ಮುಖ ನೋಡಿದ್ರಾ ಸಾರ್?"

"ಇಲ್ಲಮ್ಮಾ," ಎಂದೆ.