ಸೀಟಕ್ಕ ಮತ್ತು ಹಲ್ಲಿನ ಡಾಕ್ಟರ ಕುರ್ಚಿ

ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸೀಟು ಹೊಲಿದವಳನ್ನು ಬೀದಿಯವರೆಲ್ಲ ಸೀಟಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಆ ಹೆಸರು ಕಿವಿಗೆ ಬಿದ್ದರೆ ಅವಳ ಮೈ ಉರಿಯುತ್ತಿತ್ತು. ಗಂಡ ಕಾವಲು ಕೆಲಸಕ್ಕೆ ಹೊರಟ ಕೂಡಲೇ ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸುವಳು, ಪರದೆಯ ಅಂಚು ಬಿಚ್ಚಿ ಮತ್ತೆ ಹೊಲಿಯುವಳು. ಅದೂ ಮುಗಿದರೆ ಬಾಗಿಲಿಗೂ ಕಿಟಕಿಗೂ ಶತಪಥ.

“ಈ ತಿಂಗಳು ನನ್ನ ದಿಂಬನ್ನ ಮೂರು ಸಲ ಬಿಚ್ಚಿದ್ದೀಯ ಕಣೇ. ನನ್ನನ್ನೇ ಬಿಚ್ಚಿ ಹೊಲಿಯೋಕೆ ಮುಂಚೆ ಎಲ್ಲಾದ್ರೂ ಹೋಗಿ ಬಾ,” ಎಂದು ಅತ್ತೆ ಅವಳನ್ನು ಚರ್ಚಿಗೆ ಅಟ್ಟಿದಳು.

ಆ ಚರ್ಚಿನ ಹಿಂಬಾಗಿಲಲ್ಲಿ ಆರು ವರ್ಷದಿಂದ ದಿನಸಿ ಚೀಲ ಹಂಚುತ್ತಿದ್ದರು. ಪ್ರತಿ ತಿಂಗಳೂ ಅವೇ ಮುಖಗಳು ಸಾಲಿನಲ್ಲಿ ನಿಲ್ಲುವುದು ಕಂಡು ಪಾಸ್ಟರಿಗೆ ಇರುಸುಮುರುಸಾಗಿ, ಕೆಲಸ ಕಳೆದುಕೊಂಡವರಿಗೆ ಸ್ವಂತ ಕಸುಬು ಶುರು ಮಾಡುವುದನ್ನು ಕಲಿಸಲು ಹೊರಟಿದ್ದರು. ಕಲಿಸುವವನು ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದ ಮುದುಕ. ಎಲ್ಲರಿಗೂ ಬೀಗದ ತಾತ. ತರಗತಿ ನಡೆಯುತ್ತಿದ್ದದ್ದು ಭಾನುವಾರ ಮಕ್ಕಳು ಕೂರುವ ಕೋಣೆಯಲ್ಲಿ. ಹನ್ನೆರಡು ಜನ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಪುಟ್ಟ ಕುರ್ಚಿಗಳಲ್ಲಿ ಕೂತಿದ್ದರು.

“ನಿಮಗೇನು ಬರುತ್ತೆ ಅಂತ ಆಮೇಲೆ ಕೇಳ್ತೀನಿ. ಮೊದಲು ಯಾರ ಹತ್ರ ಏನು ಕೆಟ್ಟು ಕೂತಿದೆ, ನೋಡ್ಕೊಂಡು ಬನ್ನಿ,” ಎಂದ ತಾತ.

ಸೀಟಕ್ಕ ಬೀದಿ ಬೀದಿ ಸುತ್ತಿದಳು. ಕ್ಷೌರದಂಗಡಿಯವನು ಬೇಡವೆಂದ, ಹೋಟೆಲಿನವನು ತಲೆಯನ್ನೇ ಎತ್ತಲಿಲ್ಲ. ಕೊನೆಗೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಟೇಪು ಸುತ್ತಿದ ಕುರ್ಚಿಯೊಂದು ಕಂಡಿತು. ಭಾನುವಾರ ಕ್ಲಿನಿಕ್ಕು ಮುಚ್ಚಿರುವಾಗ ಹೊಲಿದುಕೊಡಬಹುದಾದರೆ ಆಗಲಿ ಎಂದರು ಡಾಕ್ಟರಮ್ಮ. ಬೆಳಗಿನ ಪ್ರಾರ್ಥನೆ ತಪ್ಪುತ್ತದಲ್ಲ ಎಂದು ಇವಳು ಅಳುಕಿದರೆ, ಪಾಸ್ಟರು ಸಂಜೆಯದಕ್ಕೆ ಬಾ ಎಂದು ನಕ್ಕು, ಚರ್ಚಿನವರು ಕೊಂಡಿದ್ದ ಹೊಲಿಗೆ ಯಂತ್ರವನ್ನು ಶನಿವಾರ ಸಂಜೆಯೇ ತಾವೇ ಕಾರಿನಲ್ಲಿ ಕ್ಲಿನಿಕ್ಕಿಗೆ ತಂದು ಇಳಿಸಿದರು.

ಹೊಲಿದುಕೊಟ್ಟ ಮೂರನೇ ವಾರ ಡಾಕ್ಟರಮ್ಮನ ಫೋನು ಬಂತು. ಹೊಲಿಗೆಯ ಗುಂಟ ರೆಕ್ಸಿನ್ನು ಬಿರಿದಿತ್ತು. ಓಡಿ ಹೋಗಿ ಬಗ್ಗಿ ನೋಡಿದಳು. ಹೊಲಿಗೆ ತೀರಾ ಒತ್ತೊತ್ತಾಗಿ ಬಿದ್ದು, ಸಾಲು ತೂತಾಗಿ, ಅಂಚೆಚೀಟಿ ಹರಿದಂತೆ ನೀಟಾಗಿ ಹರಿದಿತ್ತು. ಕಾರ್ಖಾನೆಯಲ್ಲಿ ಯಂತ್ರದಲ್ಲಿ ಹೊಲಿಗೆಯ ಅಂತರವನ್ನು ಹೊಂದಿಸಿ ಕೊಡುತ್ತಿದ್ದವನು ಸೂಪರ್‌ವೈಸರ್. ಇಷ್ಟು ವರ್ಷ ತನಗೆ ಸೀಟು ಹೊಲಿಯಲು ಬರುತ್ತದೆಂದು ಬೀಗಿದ್ದಳು. ನಿಜಕ್ಕೂ ಬರುತ್ತಿದ್ದದ್ದು ಪೆಡಲು ತುಳಿಯುವುದಷ್ಟೇ. ಆ ನಾಚಿಕೆಗೆ ಎರಡು ವಾರ ತರಗತಿಯ ಕಡೆ ಸುಳಿಯಲಿಲ್ಲ.

ತಾತನೇ ಮನೆಗೆ ಬಂದ. ಅತ್ತೆಯ ಪಕ್ಕ ಕೂತು, ತಾನು ಅಂಗಡಿಗೆ ಮೊದಲು ತರಿಸಿದ ಐವತ್ತು ಬೀಗಗಳೂ ಒಂದೇ ಕೀಲಿಗೆ ತೆರೆದುಕೊಂಡ ಕಥೆ ಹೇಳಿದ. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಏಳುವಾಗ ತಾತ ಸೊಸೆಯ ಕಡೆ ತಿರುಗಿದ.

“ತಪ್ಪು ನನ್ನದು ಅಂತ ಡಾಕ್ಟರಮ್ಮನಿಗೆ ಹೇಳಿ ಬಾಮ್ಮ. ಬೇರೆ ಏನೂ ಸೇರಿಸಬೇಡ.”

ಅಷ್ಟನ್ನೇ ಹೇಳಿ ಬಂದಳು. ನಾಲ್ಕು ದಿನ ಚೂರು ರೆಕ್ಸಿನ್ನುಗಳ ಮೇಲೆ ಹೊಲಿದು, ಎಳೆದು, ಹರಿದು ನೋಡಿದಳು. ಆಮೇಲೆ ಕುರ್ಚಿಗೆ ಹೊಸದಾಗಿ ಹೊಲಿದದ್ದು ಗಟ್ಟಿಯಾಗಿ ನಿಂತಿತು. ಡಾಕ್ಟರಮ್ಮ ಅವಳನ್ನು ಮೇಲಂತಸ್ತಿನ ಜಿಮ್ಮಿನವರಿಗೆ ತೋರಿಸಿದರು, ಅವರು ಇನ್ನೊಬ್ಬರಿಗೆ. ವರ್ಷ ತುಂಬುವಷ್ಟರಲ್ಲಿ ಟೈರಿನಂಗಡಿಯ ಹಿಂದೆ ಅವಳದೊಂದು ಶೆಡ್ಡು ಎದ್ದಿತು. ದಿನಸಿಯ ಸಾಲಿನಲ್ಲಿ ನಿಲ್ಲುತ್ತಿದ್ದ ಇಬ್ಬರು ಹೆಂಗಸರು ಅವಳ ಜೊತೆ ಕೆಲಸಕ್ಕೆ ಬಂದರು. ಆದರೆ ತರಗತಿಯ ಹನ್ನೆರಡು ಜನರಲ್ಲಿ ನೆಲೆ ನಿಂತವರು ಐವರೇ. ಉಳಿದವರು ಮತ್ತೆ ಸಾಲಿಗೇ ಬಂದರು, ಪಾಸ್ಟರು ಅದನ್ನು ಮುಚ್ಚಿಡಲಿಲ್ಲ.

ಆಗ ಹಳೆಯ ಸೂಪರ್‌ವೈಸರನ ಫೋನು ಬಂತು. ಊರಾಚೆ ಕಾರ್ಖಾನೆ ಮತ್ತೆ ಶುರುವಾಗಿದೆ, ಕಾಯಂ ಕೆಲಸ, ಬಾ ಎಂದ. ಕಾಯಂ ಅಂದ ಮೇಲೆ ಯೋಚಿಸುವುದೇನಿದೆ ಎಂಬುದು ಗಂಡನ ಮಾತು. ವಾರವಿಡೀ ಸೀಟಕ್ಕ ಮತ್ತೆ ಕಪಾಟು ಖಾಲಿ ಮಾಡಿ ಜೋಡಿಸಿದಳು. ಸೂಪರ್‌ವೈಸರ್ ಮತ್ತೆ ಫೋನು ಮಾಡಿದಾಗ ಒಂದೇ ಮಾತು ಕೇಳಿದಳು.

“ನನ್ನ ಜೊತೆ ಇಬ್ಬರಿದ್ದಾರೆ. ಅವರನ್ನೂ ತಗೋತೀರಾ ಸಾರ್?”

ಅನುಭವ ಇದ್ದವರನ್ನು ಮಾತ್ರ ಎಂದ ಅವನು.

“ಹಾಗಾದ್ರೆ ನಾನೂ ಬರಲ್ಲ.”

ಹೇಳಿದ್ದು ಸರಿಯೋ ತಪ್ಪೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಕೆಲಸ ಸಿಗದ ವಾರಗಳಲ್ಲಿ ಗಂಡನ ಮುಖ ನೋಡಲಾಗುವುದಿಲ್ಲ. ಮೊನ್ನೆ ಶೆಡ್ಡಿನ ಮೂವರೂ ಕಣ್ಣಾಸ್ಪತ್ರೆಗೆ ಹೋಗಿ ಬೆಂಚುಗಳ ಅಳತೆ ತೆಗೆದು ಬಂದಿದ್ದಾರೆ. ಕೆಲಸ ಕೊಡುತ್ತಾರೋ ಇಲ್ಲವೋ, ಆಸ್ಪತ್ರೆಯವರು ಇನ್ನೂ ಹೇಳಿಲ್ಲ.